ಅಳತೆ ಹಿಡಿಯದೆ ಕತ್ತರಿಸಿದ ಬೆಲ್ಟ್

ಬದುಕಿಡೀ ನಾನು ಯಾರ ಕಣ್ಣಿಗೂ ಬೀಳಬಾರದಂಥ ಸಾಮಾನು ಮಾಡಿದೆ. ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು ಅಂತ ಅರ್ಥ. ಕುರ್ಚಿ ಮಾಡುವವನಿಗೆ ಕೂತವರು ಶಾಬಾಸ್ ಅನ್ನುತ್ತಾರೆ, ಬೂಟು ಹೊಲಿಯುವವನಿಗೆ ಹಾಕಿಕೊಂಡವರು ಅನ್ನುತ್ತಾರೆ. ಕೋಟಿನ ಕೆಳಗೆ ಪಿಸ್ತೂಲು ಮರೆಮಾಡುವ ಹೋಲ್‌ಸ್ಟರು, ಅದನ್ನು ಹೊರುವ ಬೆಲ್ಟು ಮಾಡುವವನಿಗೆ ಯಾರೂ ಏನೂ ಅನ್ನುವುದಿಲ್ಲ. ಏನೂ ಅನ್ನಲಿಲ್ಲವಲ್ಲ, ಅದೇ ನಮ್ಮ ಪ್ರಶಸ್ತಿ. ಆ ಲೆಕ್ಕದಲ್ಲಿ ನನಗೆ ಬಂದಷ್ಟು ಪ್ರಶಸ್ತಿ ಇಂಗ್ಲೆಂಡಿನ ಇಡೀ ಮಿಡ್‌ಲ್ಯಾಂಡ್ಸ್‌ನಲ್ಲಿ ಯಾರಿಗೂ ಬಂದಿರಲಿಕ್ಕಿಲ್ಲ.

ಈಗ ಚರ್ಮದ ಕೆಲಸ ಕಲಿಯುವುದು ಮತ್ತೆ ಫ್ಯಾಶನ್ ಆಗಿದೆ. ಮೈಸೂರಿನಿಂದ, ಬೆಂಗಳೂರಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಡಿಸೈನ್ ಓದಲು ಬಂದ ಹುಡುಗ ಹುಡುಗಿಯರು ರವಿವಾರ ನಮ್ಮ ಮನೆಗೆ ಬಂದು, ಬಿರಿಯಾನಿ ತಿಂದು, ಹಿತ್ತಲಿನ ಶೆಡ್ಡಿನಲ್ಲಿರುವ ಚರ್ಮ ಚುಚ್ಚುವ ನನ್ನ ಆರಿ, ಕೊಯ್ಯುವ ರಂಪಿಗಳ ಫೋಟೋ ತೆಗೆಯುತ್ತಾರೆ. ಎಲ್ಲರೂ ಎರಡೆರಡು ಡಿಗ್ರಿ ಆದವರು. ಆರಿಯನ್ನು ಯಾವ ಕಡೆಯಿಂದ ಹಿಡಿಯಬೇಕು ಅಂತ ಕೇಳುತ್ತಾರೆ. ಅವರೇ, ಅಂಕಲ್ ನಿಮ್ಮ ಅನುಭವ ಬರೆಯಿರಿ, ನಮಗೆ ಉಪಯೋಗ ಆಗುತ್ತದೆ ಅಂದರು. ನಾನು ಓದಿದ್ದು ಹುಬ್ಬಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ. ಮನೆಯಲ್ಲಿ ಮಾತಾಡುವುದು ದಖನಿ, ಕಾರ್ಖಾನೆಯಲ್ಲಿ ಬೈಸಿಕೊಂಡಿದ್ದು ಇಂಗ್ಲಿಷ್‌ನಲ್ಲಿ, ಬರೆಯಲು ಬರುವುದು ಕನ್ನಡ ಒಂದೇ. ಹಾಗಾಗಿ ನಮ್ಮ ಮನೆಯ ಮಾತನ್ನೂ ಇಲ್ಲಿ ಹುಬ್ಬಳ್ಳಿ ಕನ್ನಡದಲ್ಲೇ ಬರೆಯುತ್ತೇನೆ.

ನಮ್ಮ ಅಬ್ಬಾ ಹುಬ್ಬಳ್ಳಿ ಸ್ಟೇಶನ್ ಹತ್ತಿರ ಟಾಂಗಾ ಕುದುರೆಗಳಿಗೆ ಪಟ್ಟಾ ಹೊಲಿಯುತ್ತಿದ್ದರು. ಆಟೋಗಳು ಬಂದವು, ಕುದುರೆಗಳು ಹೋದವು. ಅಷ್ಟರಲ್ಲಿ ನನಗೆ ಇಲ್ಲಿಯ ವಾಲ್ಸಾಲ್ ಊರಿನಲ್ಲಿ ಹುಟ್ಟಿ ಬೆಳೆದ ಫರೀದಾಳ ಸಂಬಂಧ ಬಂತು. ವಾಲ್ಸಾಲ್ ಬರ್ಮಿಂಗ್‌ಹ್ಯಾಮ್‌ನ ಪಕ್ಕದ ಊರು. ಕುದುರೆ ಜೀನು ಮಾಡುವುದರಲ್ಲಿ ಹೆಸರಾದದ್ದು. ಕುದುರೆ ಕೆಲಸ ಬಿಟ್ಟು ವಿಮಾನ ಹತ್ತಿದವನು ಇಳಿದದ್ದು ಮತ್ತೆ ಕುದುರೆ ಕೆಲಸದವರ ಊರಿನಲ್ಲೇ. ಆದರೆ ನಾನು ಸೇರಿದ ಕಾರ್ಖಾನೆ ಆಗಲೇ ಜೀನು ಬಿಟ್ಟು ಹೋಲ್‌ಸ್ಟರು, ಬೆಲ್ಟುಗಳ ಕಡೆ ತಿರುಗಿತ್ತು.

ಊರಿನವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ಈ ದೇಶದಲ್ಲಿ ಬೀದಿಯ ಪೊಲೀಸನ ಹತ್ತಿರವೂ ಪಿಸ್ತೂಲು ಇರುವುದಿಲ್ಲ. ದೊಡ್ಡ ಮನುಷ್ಯರನ್ನು ಕಾಯುವ, ಮಫ್ತಿಯಲ್ಲಿರುವ ಕೆಲವೇ ಪೊಲೀಸರು ಅದನ್ನು ಕೋಟಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಅವರಿಗೆ ಬೇಕಾದಷ್ಟನ್ನು, ಮಿಕ್ಕಿದ್ದನ್ನು ಪರದೇಶಕ್ಕೆ ಅಂತ ನಾವು ಮಾಡುತ್ತಿದ್ದೆವು. ನಮ್ಮ ಚಿಕ್ಕಪ್ಪನ ಮಗ ಮಾತ್ರ ನಾನು ಬಂದೂಕಿನ ಫ್ಯಾಕ್ಟರಿಯ ಮಾಲೀಕ ಅಂತಲೇ ನಂಬಿದ್ದ. ಪ್ರತಿ ಮದುವೆಯಲ್ಲೂ ನನ್ನನ್ನು ಮೂಲೆಗೆ ಕರೆದು, ಮುಂದಿನ ಸಲ ಒಂದು ತಗೊಂಡು ಬಾ, ಸಣ್ಣದಾದರೂ ಸಾಕು ಅನ್ನುತ್ತಿದ್ದ. ಒಂದು ಸಲ ಬೇಸತ್ತು ಒಳ್ಳೆಯ ಹೋಲ್‌ಸ್ಟರು ತಂದುಕೊಟ್ಟೆ. ಈಗ ಅದರಲ್ಲಿ ಕನ್ನಡಕ ಇಡುತ್ತಾನೆ.

ಕಾರ್ಖಾನೆಯ ಮೇಸ್ತ್ರಿ ಕೀತ್. ಮಹಬೂಬ ಅನ್ನುವ ನನ್ನ ಹೆಸರು ಅವನ ನಾಲಿಗೆಗೆ ಬರಲಿಲ್ಲ. ಇಲ್ಲಿಯವರು ಒಡಹುಟ್ಟಿದವರನ್ನು ‘ಅವರ್ ಕಿಡ್’, ಅಂದರೆ ನಮ್ಮ ಹುಡುಗ, ಅನ್ನುತ್ತಾರೆ. ಅದನ್ನೇ ನನಗೂ ಅಂಟಿಸಿದ. ತಲೆ ನರೆತ ಮೇಲೂ ನಾನು ಅವನಿಗೆ ಅವರ್ ಕಿಡ್ಡೇ. ಮೊದಲ ದಿನವೇ ಅವನು ಕಲಿಸಿದ್ದು ಇಷ್ಟು: ಬಂದವರು ಹೋಲ್‌ಸ್ಟರನ್ನು ಚಿನ್ನದ ಅಂಗಡಿಯಲ್ಲಿ ನಿಂತ ಹಾಗೆ ತಿರುಗಿಸಿ ತಿರುಗಿಸಿ ಆರಿಸುತ್ತಾರೆ, ಆಮೇಲೆ ಅದನ್ನು ಸಂತೆಯಲ್ಲಿ ಕೊಂಡ ಬೆಲ್ಟಿಗೆ ನೇತುಹಾಕುತ್ತಾರೆ. ಭಾರ ಹೊರುವುದು ಬೆಲ್ಟು. ಮೊದಲು ಅದನ್ನು ನೋಡು. ಎರಡು ಪದರ ಚರ್ಮ, ನಡುವೆ ಗಟ್ಟಿ ಪಟ್ಟಿ ಇರಬೇಕು. ಒಂದು ತುದಿ ಹಿಡಿದರೆ ಇನ್ನೊಂದು ತುದಿ ನಾಯಿಯ ನಾಲಿಗೆಯಂತೆ ಜೋತು ಬೀಳಬಾರದು. ಹೋಲ್‌ಸ್ಟರಿನ ಬೆಲ್ಟು ತೂರುವ ಕಿಂಡಿ ಎಷ್ಟು ಅಗಲವೋ ಬೆಲ್ಟೂ ಅಷ್ಟೇ ಅಗಲ ಇರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಪಕ್ಕಕ್ಕಿದ್ದ ಪಿಸ್ತೂಲು ಮಧ್ಯಾಹ್ನಕ್ಕೆ ಬೆನ್ನಿಗೆ ಹೋಗಿರುತ್ತದೆ. ಹೋಲ್‌ಸ್ಟರಿನ ವಿಷಯದಲ್ಲಿ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಗುಂಡಿಯ ಭಾಗ ಪೂರ್ತಿ ಮುಚ್ಚಿರಬೇಕು, ತಲೆಕೆಳಗು ಹಿಡಿದು ಕೊಡವಿದರೂ ಪಿಸ್ತೂಲು ಬೀಳಬಾರದು, ಅದನ್ನು ತೆಗೆದ ಮೇಲೆ ಬಾಯಿ ತೆರೆದೇ ಇರಬೇಕು. ಬಣ್ಣ ಯಾವುದಾದರೇನು, ಕೋಟಿನ ಕೆಳಗೆ ಯಾರು ನೋಡುತ್ತಾರೆ?

ಅಳತೆಗೆ ಅವನದು ಒಂದೇ ಕಟ್ಟುನಿಟ್ಟು. ಪ್ಯಾಂಟಿನ ಲೇಬಲ್ ನಂಬಬೇಡ. ಗಂಡಸರು ಹೆಂಡತಿಗೆ ಹೇಳಿದ್ದಕ್ಕಿಂತ ಹೆಚ್ಚು ಸುಳ್ಳನ್ನು ಸೊಂಟದ ಬಗ್ಗೆ ದರ್ಜಿಗೆ ಹೇಳುತ್ತಾರೆ. ನಕಲಿ ಪಿಸ್ತೂಲು ಕಟ್ಟಿಸಿ, ಮೈಗೆ ಟೇಪು ಹಿಡಿದು, ಆಮೇಲೆ ಕಿಟಕಿ ಪಕ್ಕದ ಹಳೆಯ ಕಾರಿನ ಸೀಟಿನಲ್ಲಿ ಕೂರಿಸು. ಕೂತು ಎದ್ದ ಮೇಲೆ, ಬಗ್ಗಿ ಕೀಲಿ ಎತ್ತಿದ ಮೇಲೆ, ಮೇಲಿನ ಶೆಲ್ಫಿಗೆ ಕೈ ಹಾಕಿದ ಮೇಲೆ ಕೇಳು: ಹೇಗಿದೆ? ಮೊದಲ ವಾರ ನೋಯಿಸುವ ಬೆಲ್ಟು ಹತ್ತು ವರ್ಷವೂ ನೋಯಿಸುತ್ತದೆ, ವಾಪಸ್ ತೆಗೆದುಕೋ. ಅಬ್ಬಾನೂ ಇದನ್ನೇ ಹೇಳುತ್ತಿದ್ದರು. ಕುದುರೆಗೆ ಮೇವು ತಿನ್ನಿಸಿದ ಮೇಲೆ ಅಳತೆ ಹಿಡಿಯುತ್ತಿದ್ದರು. ಪಟ್ಟಾದ ಕೆಳಗೆ ಹುಣ್ಣಾದ ಕುದುರೆ ಹೇಗೆ ನಿಲ್ಲುತ್ತದೆ ಅಂತ ದೂರದಿಂದಲೇ ತೋರಿಸಿ ಕೊಡುತ್ತಿದ್ದರು. ಒಂದು ಕಡೆಯ ಭಾರ ಇನ್ನೊಂದು ಕಡೆಗೆ ಹಾಕಿ, ಏನೂ ಆಗಿಲ್ಲದ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತದೆ.

ನನ್ನ ಮೊದಲ ದೊಡ್ಡ ಎಡವಟ್ಟು ಒಂದು ಚರ್ಚಿನಲ್ಲಿ ಆಯಿತು. ನಾನು ಅಲ್ಲಿರಲಿಲ್ಲ, ನನ್ನ ಹೋಲ್‌ಸ್ಟರು ಇತ್ತು. ಹೊಸ ಚರ್ಮ ಬೆಲ್ಟಿಗೆ ತಿಕ್ಕಿದರೆ ಕಿರ್ ಅನ್ನುತ್ತದೆ. ಕೊಡುವ ಮೊದಲು ಅದನ್ನು ಬಗ್ಗಿಸಿ, ತಿಕ್ಕುವ ಜಾಗಕ್ಕೆ ಮೇಣ ಹಚ್ಚಬೇಕು. ಅವಸರದಲ್ಲಿ ನಾನು ಬಿಟ್ಟೆ. ಯಾರೋ ದೊಡ್ಡವರ ಶ್ರದ್ಧಾಂಜಲಿ, ಮಂತ್ರಿಯೊಬ್ಬರು ಬಂದಿದ್ದರು, ಅವರ ಹಿಂದೆ ನಮ್ಮ ಗಿರಾಕಿ. ಎಲ್ಲರೂ ಎದ್ದರು, ಕಿರ್. ಕೂತರು, ಕಿರ್. ಮೊಣಕಾಲೂರಿ ಪ್ರಾರ್ಥನೆ ಮಾಡಿದಾಗ ಹಳೆಯ ಬಾಗಿಲು ತೆಗೆದಂತೆ ಉದ್ದಕ್ಕೆ ಕಿರ್ರ್. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ, ಮೂಲವ್ಯಾಧಿಗೆ ಈಗ ಒಳ್ಳೆಯ ಔಷಧ ಇದೆ ಮಗು ಅಂತ ಮೆಲ್ಲಗೆ ಹೇಳಿದರಂತೆ. ಆ ಮನುಷ್ಯ ಹೋಲ್‌ಸ್ಟರನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದ. ಕೀತ್ ಒಂದು ತಿಂಗಳು ನನ್ನ ಹಿಂದೆ ಬಂದಾಗಲೆಲ್ಲ ಬಾಯಲ್ಲೇ ಕಿರ್ ಅನ್ನುತ್ತಿದ್ದ.

ಆಮೇಲೆ ಬಂದ ಮ್ಯಾನೇಜರ್ ಮ್ಯಾನ್‌ಚೆಸ್ಟರ್‌ನಲ್ಲಿ ಎಂ.ಬಿ.ಎ. ಮುಗಿಸಿದವನು. ಚರ್ಮಕ್ಕೆ ಕೈ ಹಚ್ಚುವ ಮೊದಲು ಕೈಗೆ ಲೋಷನ್ ಹಚ್ಚುತ್ತಿದ್ದ. ಮನುಷ್ಯರು ಮೂರೇ ನಮೂನೆ ಇದ್ದಾರೆ ಅಂತ ಅವನಿಗೆ ಲ್ಯಾಪ್‌ಟಾಪ್‌ನಿಂದ ಗೊತ್ತಾಗಿತ್ತು: ಸ್ಮಾಲ್, ಮೀಡಿಯಂ, ಲಾರ್ಜ್. ಇನ್ನು ಟೇಪು ಬೇಡ, ಕಾರಿನ ಸೀಟು ಬೇಡ ಅಂದ. ಸೀಟನ್ನು ತನ್ನ ಎದುರಿಗೇ ಕಸದ ಡಬ್ಬಿಗೆ ಹಾಕಿಸಿದ. ಸಂಜೆ ಕೀತ್ ಅದನ್ನು ಎತ್ತಿಕೊಂಡು ಹೋಗಿ ಸ್ಟೋರಿನಲ್ಲಿ ಬಚ್ಚಿಟ್ಟ. ಬಚ್ಚಿಡುವುದೇ ತಾನೇ ನಮ್ಮ ಕಸುಬು. ವಾಪಸ್ ಬಂದ ಬೆಲ್ಟುಗಳು ರಾಶಿ ಬಿದ್ದ ಮೇಲೆ ಮ್ಯಾನೇಜರ್‌ಗೆ ಪ್ರಮೋಷನ್ ಆಯಿತು, ಸೀಟು ಮತ್ತೆ ಕಿಟಕಿ ಪಕ್ಕ ಬಂತು. ಅಷ್ಟರಲ್ಲಿ ಪ್ಲಾಸ್ಟಿಕ್ ಹೋಲ್‌ಸ್ಟರು ಬಂದಿತ್ತು. ನಾವು ಒದ್ದೆ ಚರ್ಮವನ್ನು ನಕಲಿ ಪಿಸ್ತೂಲಿನ ಮೇಲೆ ಎಳೆದು, ಎಲುಬಿನ ತುಂಡಿನಿಂದ ಒತ್ತಿ ಒತ್ತಿ ಆಕಾರ ತರುತ್ತಿದ್ದೆವು, ಒಣಗಲು ಎರಡು ದಿನ. ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಹಪ್ಪಳ ಒತ್ತಿದ ಹಾಗೆ ಒತ್ತಿದರೆ ಮುಗಿಯಿತು. ಕಿರ್ ಅನ್ನುವುದಿಲ್ಲ, ಬೆವರಿಗೆ ಮೆತ್ತಗಾಗುವುದಿಲ್ಲ. ಬೈಯೋಣವೆಂದರೆ ಬೈಯಲು ಏನೂ ಸಿಗಲಿಲ್ಲ, ಅದೇ ಬೇಜಾರು. ಚರ್ಮಕ್ಕೆ ಉಳಿದದ್ದು ಬೆಲ್ಟು ಒಂದೇ. ಹಾಗೆ ನಾನು ಬೆಲ್ಟಿನ ಮೇಸ್ತ್ರಿಯಾದೆ. ಗಿರಾಕಿ ಬಾಗಿಲು ದಾಟಿದ ಕೂಡಲೇ ಅವನ ಸೊಂಟದ ಅಳತೆ ಹೇಳುತ್ತೇನೆ ಅಂತ ಜಂಭ ಕೊಚ್ಚುತ್ತಿದ್ದೆ. ಹೇಳುತ್ತಿದ್ದೆ ಕೂಡ. ಗಂಡಸರದ್ದು.

ಇನ್ನು ನನ್ನ ತಂಗಿಯ ವಿಷಯ. ಇಷ್ಟು ಹೊತ್ತು ಚರ್ಚು, ಮ್ಯಾನೇಜರ್ ಅಂತ ತಿರುಗಾಡಿದ್ದು ಇದನ್ನು ಮುಂದೂಡಲಿಕ್ಕೇ.

ಮೆಹರ್ ನನಗಿಂತ ಬಹಳ ಚಿಕ್ಕವಳು. ಅಬ್ಬಾ ತೀರಿಕೊಂಡ ಮೇಲೆ ಧಾರವಾಡದಲ್ಲಿ ಬಿ.ಎ. ಮಾಡಿದಳು. ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿದ್ದ ಮೂಳೆ ಡಾಕ್ಟರ್ ಇಮ್ತಿಯಾಜ್ ಜೊತೆ ಸಂಬಂಧ ಮಾಡಿಸಿದ್ದು ನಾನೇ. ಡಾಕ್ಟರ ಹೆಂಡತಿ ಮನೆಯಲ್ಲಿ ಆರಾಮಾಗಿರುತ್ತಾಳೆ ಅಂದುಕೊಂಡಿದ್ದೆ. ಅವಳು ಮಗ ಶಾಲೆಗೆ ಹೋಗತೊಡಗಿದ ವರ್ಷ ಪೊಲೀಸ್ ಸೇರಿದಳು. ಕೆಲವು ವರ್ಷಕ್ಕೆ ಪಿಸ್ತೂಲು ಹಿಡಿಯುವ ತರಬೇತಿಗೆ ಆಯ್ಕೆಯಾಗಿ, ಪಾಸಾಗಿ, ಮಫ್ತಿಯಲ್ಲಿ ದೊಡ್ಡವರನ್ನು ಕಾಯುವ ಕೆಲಸಕ್ಕೆ ಬಂದಳು. ಅವಳ ಜೊತೆಯ ಗಂಡಸರಿಗೆ ಅದು ನೌಕರಿ. ಅವಳಿಗೆ ಅದು ಪ್ರಾಣ. ನಮ್ಮ ಸಂಬಂಧಿಕರಲ್ಲಿ ಮೂಗು ಮುರಿಯದವರಿಲ್ಲ. ನಾನು ಮುರಿಯಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡವನು.

ಹೋಲ್‌ಸ್ಟರು ಇಲಾಖೆ ಕೊಡುತ್ತದೆ, ಬೆಲ್ಟು ಅವರವರ ಆಯ್ಕೆ. ಮೆಹರ್ ಒಂದು ಶನಿವಾರ ಬಂದು, ‘ಭಾಯ್, ಎಲ್ಲಾರೂ ನಿಮ್ಮ ಕಾರ್ಖಾನೀ ಬೆಲ್ಟು ಹಾಕ್ತಾರ. ನನಗ ನಿನ್ನ ಕೈಯಿಂದ ಆಗಬೇಕು’ ಅಂದಳು. ನನಗೆ ಎದೆ ಎರಡು ಇಂಚು ಉಬ್ಬಿತು. ಆ ಅಳತೆ ಮಾತ್ರ ಸರಿಯಾಗಿ ಗೊತ್ತಿದೆ.

ಅವಳ ಸೊಂಟಕ್ಕೆ ಟೇಪು ಹಿಡಿಯಲಿಲ್ಲ. ಅಣ್ಣನಾದವನು ತಂಗಿಯ ಸೊಂಟ ಅಳೆಯುವುದೇ? ನಮ್ಮಲ್ಲಿ ಅಂಥದ್ದಿಲ್ಲ. ಪರದೇಶದ ಯಾವ ಯಾವ ಗಂಡಸರ ಹೊಟ್ಟೆಗೆ ಕೈ ಸುತ್ತಿ ಅಳತೆ ಹಿಡಿದವನಿಗೆ ಆವತ್ತು ಎಲ್ಲಿಲ್ಲದ ಮರ್ಯಾದೆ ಬಂತು. ಸರಿ, ಫರೀದಾ ಅಡುಗೆಮನೆಯಲ್ಲಿದ್ದಳು, ಅವಳ ಕೈಗೆ ಟೇಪು ಕೊಟ್ಟಿದ್ದರೆ ಎರಡು ನಿಮಿಷದ ಕೆಲಸ. ಅದನ್ನೂ ಮಾಡಲಿಲ್ಲ. ಕಣ್ಣಳತೆಯ ಮೇಸ್ತ್ರಿ ನಾನು, ಹೆಂಡತಿಯ ಸಹಾಯ ಕೇಳುವುದೇ? ಕಣ್ಣಳತೆಗೆ ನೋಡಬೇಕಲ್ಲ, ಮರ್ಯಾದೆಗೆ ಸರಿಯಾಗಿ ನೋಡಲೂ ಇಲ್ಲ. ಚಿಕ್ಕವಳಿದ್ದಾಗಿನ ನೆನಪಿನ ಮೇಲೆ ಸ್ವಲ್ಪ ಸೇರಿಸಿ ಕತ್ತರಿಸಿದೆ. ಅದೂ ನೆಟ್ಟಗೆ. ಗಂಡಸರಿಗೆ ಬೆಲ್ಟು ನೆಟ್ಟಗೆ ಕತ್ತರಿಸಿದರೆ ನಡೆಯುತ್ತದೆ. ಹೆಂಗಸರ ಸೊಂಟಕ್ಕೆ ಪಟ್ಟಿಯನ್ನು ಬಿಲ್ಲಿನಂತೆ ತುಸು ಬಾಗಿಸಿ ಕತ್ತರಿಸಬೇಕು. ಇಲ್ಲದಿದ್ದರೆ ಕೆಳಗಿನ ಅಂಚು ಮೂಳೆಗೆ ಒತ್ತುತ್ತದೆ, ಪಿಸ್ತೂಲಿನ ಹಿಡಿ ವಾಲಿ ಪಕ್ಕೆಲುಬಿಗೆ ಚುಚ್ಚುತ್ತದೆ. ಇದು ನನಗೆ ಗೊತ್ತಿತ್ತು. ಬೇರೆ ಹೆಂಗಸರಿಗೆ ಹಾಗೆಯೇ ಮಾಡಿಕೊಟ್ಟಿದ್ದೆ. ಆದರೆ ಬಾಗಿಸಿ ಕತ್ತರಿಸಬೇಕಾದರೆ ತಂಗಿಗೆ ಸೊಂಟ ಇದೆ ಅಂತ ಮೊದಲು ಒಪ್ಪಿಕೊಳ್ಳಬೇಕು. ನಾನು ಒಪ್ಪಿರಲಿಲ್ಲ.

ಆ ಬೆಲ್ಟಿನಷ್ಟು ಚಂದದ ಹೊಲಿಗೆ ನಾನು ಮತ್ತೆ ಹಾಕಿಲ್ಲ. ಕೀತ್ ಅದನ್ನು ನೋಡಿ, ಕೈಯಲ್ಲಿ ಬಗ್ಗಿಸಿ, ಸೀಟಿನಲ್ಲಿ ಕೂರಿಸಿದೆಯಾ ಅಂತ ಕೇಳಿದ. ಹೌದು ಅಂದೆ.

ಎರಡು ಮೂರು ವಾರ ಬಿಟ್ಟು ಮೆಹರ್ ಫೋನ್ ಮಾಡಿದಳು. ಆ ಕಡೆ ಈ ಕಡೆ ಮಾತಾಡಿ, ಕೊನೆಗೆ, ‘ಭಾಯ್, ಹೊಸ ಬೆಲ್ಟು ಮೊದಮೊದಲು ಸ್ವಲ್ಪ ಒತ್ತತೈತೇನು?’ ಅಂತ ಕೇಳಿದಳು.

ಗಿರಾಕಿಗಾದರೆ ತಕ್ಷಣ ತಂದುಕೊಡಿ ಅನ್ನುತ್ತಿದ್ದೆ. ಅವಳಿಗೆ ಹೇಳಿದೆ: ‘ಒತ್ತತೈತಿ. ಮೈಗೆ ರೂಢಿ ಆಗತೈತಿ ಬಿಡು.’

ಆ ವರ್ಷದ ಬಕ್ರೀದ್‌ಗೆ ಹಾರ್ಬೋರ್ನ್‌ನಲ್ಲಿ ಅವಳ ಮನೆಯಲ್ಲಿ ಊಟ. ಅವಳು ಡ್ಯೂಟಿಯಿಂದ ನೇರ ಬಂದಿದ್ದಳು. ಪಿಸ್ತೂಲು ಒಪ್ಪಿಸಿ ಬಂದಿದ್ದಳು, ಬೆಲ್ಟು ಮಾತ್ರ ಸೊಂಟದಲ್ಲಿತ್ತು. ಸೋಫಾದ ಮೇಲೆ ಕೂರುವ ಮೊದಲು ಅಂಗೈಯಿಂದ ಬಲಗಡೆಯ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಎಡಗಡೆಗೆ ಭಾರ ಹಾಕಿ ಕೂತಳು. ಕೂತು ನಗುತ್ತ ನನ್ನ ತಟ್ಟೆಗೆ ಇನ್ನೊಂದು ಸೌಟು ಕೀಮಾ ಹಾಕಿದಳು. ಅಬ್ಬಾ ತೋರಿಸಿದ ಕುದುರೆ ನನ್ನ ಕಣ್ಣ ಮುಂದೆ ನಿಂತಿತು. ಅವಳ ಪಕ್ಕದಲ್ಲೇ ಮೂಳೆ ಡಾಕ್ಟರ್ ಕೂತು ಆಸ್ಪತ್ರೆಯ ರೋಟಾದಲ್ಲಿ ತನಗೆ ಬಿದ್ದ ಪಾಳಿಗಳ ಬಗ್ಗೆ ಗೊಣಗುತ್ತಿದ್ದ. ಅವನಿಗೆ ಕಾಣಲಿಲ್ಲ. ನನಗೆ ಕಂಡಿತು. ಕಂಡದ್ದನ್ನು ನಾನು ಕೀಮಾದ ಜೊತೆ ನುಂಗಿದೆ. ಬಾಯಿ ಬಿಟ್ಟರೆ ಬೆಲ್ಟು ತಪ್ಪು ಅಂತ ಒಪ್ಪಬೇಕಿತ್ತು, ಯಾಕೆ ತಪ್ಪು ಅಂತ ಎಲ್ಲರೆದುರು ಹೇಳಬೇಕಿತ್ತು. ಕೀಮಾ ಬಹಳ ಚೆನ್ನಾಗಿದೆ ಅಂದೆ.

ಅವಳು ಅದನ್ನು ವರ್ಷಗಟ್ಟಲೆ ಹಾಕಿದಳು. ವಾಲುವ ಪಿಸ್ತೂಲನ್ನು ಹಿಡಿದಿಡಲು ಒಂದು ತೂತು ಬಿಗಿ ಮಾಡಿಕೊಂಡಳು, ಆಮೇಲೆ ಇನ್ನೊಂದು. ಸೊಂಟದ ಮುಂದೆ ತೊಡೆಗೆ ಇಳಿಯುವ ನರವೊಂದಿದೆ. ಅದನ್ನು ದಿನವಿಡೀ ಒತ್ತಿದರೆ ತೊಡೆ ಜೋಮು ಹಿಡಿಯುತ್ತದೆ. ಅವರಿಗೆ ಆಗಾಗ ಗುಂಡು ಹಾರಿಸುವ ಪರೀಕ್ಷೆ ಇರುತ್ತದೆ. ಒಂದು ಸಲ ಪಿಸ್ತೂಲು ತೆಗೆಯುವುದು ತಡವಾಯಿತು ಅಂತ ಎಚ್ಚರಿಕೆ ಕೊಟ್ಟರು. ಮುಂದಿನ ಸಲ ಮೊಣಕಾಲೂರಿ ಏಳುವಾಗ ಬಲಗಾಲು ಕೈಕೊಟ್ಟು ಪಕ್ಕಕ್ಕೆ ಬಿದ್ದಳು. ಪಿಸ್ತೂಲು ವಾಪಸ್ ತೆಗೆದುಕೊಂಡರು. ಅವಳನ್ನು ಕಚೇರಿಯಲ್ಲಿ ರೋಟಾ ಬರೆಯಲು ಕೂರಿಸಿದರು. ಸಂಬಂಧಿಕರೆಲ್ಲ, ಹೆಣ್ಣುಮಕ್ಕಳ ಕೆಲಸವೇ ಅಲ್ಲ ಅದು, ಮೈ ತಾಳಲಿಲ್ಲ ನೋಡಿ ಅಂದರು. ನಾನು ಎದುರು ಮಾತಾಡಲಿಲ್ಲ. ಮೈಯದು ಏನೂ ತಪ್ಪಿರಲಿಲ್ಲ ಅಂತ ಗೊತ್ತಿದ್ದವನು ಅವರೆಲ್ಲರ ನಡುವೆ ನಾನೊಬ್ಬನೇ.

ಅದೇ ವರ್ಷ ಕಾರ್ಖಾನೆಯವರು ನನ್ನ ಫೋಟೋ ಗೋಡೆಗೆ ಹಾಕಿದರು. ಅಳತೆಯಲ್ಲಿ ರಾಜಿಯಿಲ್ಲ ಅಂತ ಕೆಳಗೆ ಬರೆಸಿದ್ದರು.

ನಿವೃತ್ತಿಯಾಗಿ ಎರಡು ಚಳಿಗಾಲ ಕಳೆದವು. ಮೆಹರ್ ಕೂಡ ಕೆಲಸ ಬಿಟ್ಟಿದ್ದಳು. ಕೌನ್ಸಿಲ್‌ನಿಂದ ತುಂಡು ಜಾಗ ಬಾಡಿಗೆಗೆ ಪಡೆದು ಮೆಂತ್ಯ, ಕೊತ್ತಂಬರಿ ಬೆಳೆಯುತ್ತಾಳೆ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೆಂತ್ಯದ ಕಟ್ಟು ಹಿಡಿದು ನೇರ ನನ್ನ ಶೆಡ್ಡಿಗೆ ಬಂದಳು. ಮೆಟ್ಟಿಲು ಎರಡೇ. ಎಡಗಾಲು ಮೊದಲು ಇಟ್ಟು, ಬಲಗಾಲನ್ನು ಹಿಂದಿನಿಂದ ತಂದಳು. ಸೊಂಟದಲ್ಲಿ ಅದೇ ಬೆಲ್ಟು. ಪಿಸ್ತೂಲಿದ್ದ ಜಾಗದಲ್ಲಿ ಗಿಡ ಕತ್ತರಿಸುವ ಕತ್ತರಿ.

ಆ ಮೆಟ್ಟಿಲು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಳತೆ ಹಿಡಿಯದೆ ಕತ್ತರಿಸಿದ್ದು, ನೆಟ್ಟಗೆ ಕತ್ತರಿಸಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಬಕ್ರೀದ್ ದಿನ ನೋಡಿಯೂ ನೋಡದಂತೆ ಇದ್ದದ್ದು, ಎಲ್ಲ ಹೇಳಿದೆ. ಅವಳು ಮೆಂತ್ಯದ ಬೇರು ಕೀಳುತ್ತ ಕೇಳಿಸಿಕೊಂಡಳು.

‘ನನಗ ಗೊತ್ತಿತ್ತು’ ಅಂದಳು. ‘ನಮ್ಮ ತಂಡದ ಇನ್ನೊಬ್ಬಾಕಿ ಬೆಲ್ಟೂ ನೀನ ಮಾಡಿದ್ದಿ. ಬಾಗಿತ್ತು ಅದು. ಒಮ್ಮೆ ಹಾಕಿ ನೋಡಿದೆ, ಹಗುರ ಅನಿಸ್ತು. ನಮ್ಮ ಜಿ.ಪಿ. ಡಾಕ್ಟರ್ ಕೇಳಿದ, ಬಿಗಿ ಬೆಲ್ಟು ಹಾಕ್ತೀರೇನು ಅಂತ. ಇಲ್ಲ ಅಂದೆ.’

‘ಯಾಕ ಇಲ್ಲ ಅಂದಿ?’

‘ಮತ್ತೇನ್ ಅನ್ನಲಿ? ನಮ್ಮಣ್ಣ ಇಡೀ ಊರಿಗೆ ಅಳತೀ ಹಿಡೀತಾನ, ನನ್ನೊಬ್ಬಾಕಿನ್ನ ಬಿಟ್ಟು ಅನ್ನಲೇನು? ನೀ ಯಾವಾಗರೆ ಕೇಳ್ತಿ ಅಂತ ಕಾದೆ, ಭಾಯ್. ಈದ್ ದಿನ ನೀ ನೋಡಿದ್ದನ್ನ ನಾನೂ ನೋಡಿದ್ದೆ.’

ಅವಳು ಬೆಲ್ಟಿನ ಮೇಲೆ ಕೈ ತಟ್ಟಿ, ‘ಈಗ ನೋಡು, ಮೈ ಬಂದೈತಿ, ಎಲ್ಲಾ ಕಡೆ ಸಮ ಆಗೈತಿ. ನೀ ಹೇಳಿದ್ದು ಖರೆ ಆತು. ಮೈಗೆ ರೂಢಿ ಆತು’ ಅಂದು ನಕ್ಕಳು. ಆ ನಗುವಿನಲ್ಲಿ ನನಗೆ ಪಾಲು ಇರಲಿಲ್ಲ.

ಮೊಳೆಗೆ ನೇತುಹಾಕಿದ್ದ ಟೇಪು ತೆಗೆದೆ. ಅವಳು ಟೇಪು ನೋಡಿದಳು, ನನ್ನ ಮುಖ ನೋಡಿದಳು.

‘ಭಾಭೀನ್ನ ಕರೀತಿಯೋ, ನೀನ ಹಿಡೀತಿಯೋ?’

ನಾನೇ ಹಿಡಿದೆ. ಅವಳು ಎರಡೂ ಕೈ ಎತ್ತಿ, ದರ್ಜಿ ಅಂಗಡಿಯಲ್ಲಿ ನಿಂತ ಹಾಗೆ ಆ ಕಡೆ ಮುಖ ಮಾಡಿ ನಿಂತಳು. ಅಷ್ಟೇ ಕೆಲಸ. ಆಕಾಶ ಬೀಳಲಿಲ್ಲ, ಕುಲದ ಮರ್ಯಾದೆಯೂ ಹೋಗಲಿಲ್ಲ. ಶೆಡ್ಡಿನ ಹೊರಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಲೇ ಇದ್ದ.

ಹೊಸ ಬೆಲ್ಟನ್ನು ಬಾಗಿಸಿ ಕತ್ತರಿಸಿದೆ. ಬಹಳ ನಿಧಾನವಾಯಿತು, ಈಗ ದಾರ ಪೋಣಿಸಲು ಕನ್ನಡಕದ ಮೇಲೆ ಭೂತಗನ್ನಡಿ ಬೇಕು. ಹೊಲಿಗೆ ಹಳೆಯದರಷ್ಟು ಚಂದ ಬಂದಿಲ್ಲ. ಹೋದ ರವಿವಾರ ಅವಳು ಹಾಕಿಕೊಂಡು ನೋಡಿದಳು. ಕತ್ತರಿಯನ್ನು ಅದರ ಚೀಲದಲ್ಲಿ ಇರಿಸಿಕೊಂಡಳು. ಕೀತ್ ಕೊನೆಗೆ ನನಗೇ ಕೊಟ್ಟುಹೋದ ಹಳೆಯ ಕಾರಿನ ಸೀಟು ಶೆಡ್ಡಿನ ಮೂಲೆಯಲ್ಲಿದೆ. ಅದರಲ್ಲಿ ಕೂರಿಸಿದೆ. ಎದ್ದಳು, ಬಗ್ಗಿದಳು, ಮೇಲಿನ ಹಲಗೆಗೆ ಕೈ ಹಾಕಿದಳು, ಮತ್ತೆ ಕೂತಳು. ಡಿಸೈನ್ ಓದುವ ಮಕ್ಕಳು ಬಾಗಿಲಲ್ಲಿ ಬಿರಿಯಾನಿ ತಟ್ಟೆ ಹಿಡಿದು ನೋಡುತ್ತಿದ್ದರು.

‘ಹೆಂಗೈತಿ?’ ಅಂತ ಕೇಳಿದೆ. ಎಷ್ಟೋ ಜನರಿಗೆ ಕೇಳಿದ ಮಾತು, ಅವಳಿಗೆ ಮೊದಲ ಸಲ.

ಮೆಹರ್ ಸೀಟಿನಲ್ಲಿ ಆ ಕಡೆ ಈ ಕಡೆ ಸರಿದಳು. ಚೆನ್ನಾಗಿದೆ ಅನ್ನಲು ಬಾಯಿ ತೆರೆದಳು ಅಂತ ನನಗನ್ನಿಸಿತು. ಆಮೇಲೆ ಬಲಗಡೆಯ ಅಂಚಿಗೆ ಬೆರಳು ತೂರಿಸಿ, ‘ಇಲ್ಲೆ ಸ್ವಲ್ಪ ಒತ್ತತೈತಿ, ಭಾಯ್’ ಅಂದಳು.

ಬಿಚ್ಚಿ ಕೊಡು ಅಂತ ಕೈ ಚಾಚಿದೆ.